ಬಚ್ಚಲುಮನೆ ನಲ್ಲಿಗೂ ಒಂದು ಕಾವಲುಗಾರ ಬೇಕು

ಎರಡು ವರ್ಷದ ಹಿಂದೆ, ಅಡಿಕೆ ಕೊಯ್ಲಿನ ಸಮಯ. ಬಚ್ಚಲಿನ ತಾಮ್ರದ ಬಾಯ್ಲರ್‌ಗೆ ಬೆಳಗಿನಿಂದ ಅಡಿಕೆ ಸಿಪ್ಪೆ ಉರಿ ಹಾಕಿದ್ವಿ. ಸಂಜೆ ಅಪ್ಪ ಅಂಗಳದಿಂದ ಬಂದವರು ಬಿಸಿನೀರಿನ ನಲ್ಲಿ ತಿರುಗಿಸಿ ಕಾಲು ತೊಳೆದುಕೊಂಡರು. ಊಟಕ್ಕೆ ಕೂತಾಗ ಅಮ್ಮ ನೋಡಿದ್ರು, ಪಾದದ ಮೇಲೆಲ್ಲಾ ಬೊಬ್ಬೆ. "ನಂಗೆ ಗೊತ್ತೇ ಆಗ್ಲಿಲ್ವಲ್ಲೋ" ಅಂದ್ರು ಅಪ್ಪ. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಪಾದದ ನರಗಳಿಗೆ ಸ್ಪರ್ಶವೇ ಕಡಿಮೆಯಾಗಿತ್ತು. ಆ ಗಾಯ ಮಾಯೋಕೆ ಮೂರು ತಿಂಗಳು ಹಿಡೀತು.

ಈ ವಾರ ಗೊಬ್ಬರ, ಕೀಟ ಬಿಟ್ಟು ಬಿಸಿನೀರಿನ ಬಗ್ಗೆ ಬರೀತಿರೋದು ಅದಕ್ಕೇ. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತೆ. 70 ಡಿಗ್ರಿ ಆದ್ರೆ ಒಂದೇ ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳು, ಇನ್ನೂ ಬೇಗ. ಸೌದೆ ಬಾಯ್ಲರ್ ಇರಲಿ, ಸೋಲಾರ್ ಇರಲಿ, ನೀರು 70 ದಾಟೋದು ಅಪರೂಪವೇನಲ್ಲ.

ಹಾಗಾದ್ರೆ ನೀರನ್ನೇ ಉಗುರುಬೆಚ್ಚಗೆ ಕಾಯಿಸಿ ಇಡಬಹುದಲ್ಲ ಅಂತೀರಾ? ಬೇಡ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತೆ, ಅದು ನ್ಯುಮೋನಿಯಾ ತರಬಲ್ಲದು. 60 ಡಿಗ್ರಿಯಲ್ಲಿ ಅದು ಬದುಕಲ್ಲ. ಜೊತೆಗೆ 60 ಡಿಗ್ರಿಯ 100 ಲೀಟರ್‌ಗೆ 25 ಡಿಗ್ರಿಯ ತಣ್ಣೀರು ಬೆರೆಸಿದ್ರೆ 40 ಡಿಗ್ರಿಯ ಸುಮಾರು 230 ಲೀಟರ್ ಸಿಗುತ್ತೆ. ಅಂದರೆ ಬಿಸಿಯಾಗಿ ಕಾಯಿಸಿ, ಬೆರೆಸಿ ಬಳಸೋದೇ ಲಾಭ. ಬೆರೆಸೋ ಕೆಲಸ ಕೈಗಿಂತ ವಾಲ್ವ್ ಮಾಡಿದ್ರೆ ಕ್ಷೇಮ.

ಒಳಗೆ ಏನಿದೆ?

ಇದರ ಹೆಸರು ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್. ಹಿತ್ತಾಳೆಯದ್ದು, ಮೂರು ಬಾಯಿ: ಬಿಸಿ, ತಣ್ಣಗೆ, ಬೆರಕೆ. ಒಳಗೆ ಮೇಣ ತುಂಬಿದ ಚಿಕ್ಕ ಗುಂಡು. ನೀರು ಬಿಸಿಯಾದರೆ ಮೇಣ ಹಿಗ್ಗಿ ಬಿಸಿನೀರಿನ ದಾರಿ ಕಿರಿದು ಮಾಡುತ್ತೆ, ತಣ್ಣಗಾದರೆ ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುತ್ತೆ. ನಿಮ್ಮ ಟ್ರ್ಯಾಕ್ಟರ್ ರೇಡಿಯೇಟರ್‌ನ ಥರ್ಮೋಸ್ಟಾಟ್ ಕೆಲಸ ಮಾಡೋದೂ ಹೀಗೇ. ಕರೆಂಟ್ ಬೇಡ.

ಕೊಳ್ಳುವ ಮುನ್ನ ನೋಡಿ

ಒಂದು, ಒತ್ತಡ. ಟ್ಯಾಂಕ್ ನಲ್ಲಿಗಿಂತ 10 ಮೀಟರ್ ಎತ್ತರ ಇದ್ದರೆ 1 ಬಾರ್. ನಮ್ಮ ಟ್ಯಾಂಕ್ 4 ಮೀಟರ್, ಬರೀ 0.4 ಬಾರ್. ಕಡಿಮೆ ಒತ್ತಡಕ್ಕೆ ಹೊಂದುವ ವಾಲ್ವ್ ಅಂತಲೇ ಕೇಳಿ ತಗೊಳ್ಳಿ.

ಎರಡು, ಗರಿಷ್ಠ ಉಷ್ಣತೆ. ಬಹಳಷ್ಟು ವಾಲ್ವ್‌ಗಳು 85-90 ಡಿಗ್ರಿ ಮಾತ್ರ ತಡೀತವೆ. ಸಿಪ್ಪೆ ಉರಿ ಜೋರಾದರೆ ನೀರು ಕುದಿಯೋದೇ. ನಾನು ಬಾಯ್ಲರ್‌ಗೆ ಡಯಲ್ ಥರ್ಮಾಮೀಟರ್ ಹಾಕಿಸಿದೆ. ಮುಳ್ಳು 70ಕ್ಕೆ ಬಂದರೆ ಸಿಪ್ಪೆ ಹಾಕೋದು ನಿಲ್ಲಿಸ್ತೀವಿ.

ಮೂರು, ಪೈಪ್. ಬಿಸಿ ಲೈನಿಗೆ ಮಾಮೂಲಿ ಪಿವಿಸಿ ಬೇಡ, ಮೆತ್ತಗಾಗುತ್ತೆ. ಸಿಪಿವಿಸಿ 93 ಡಿಗ್ರಿವರೆಗೆ ಸರಿ. ಬಾಯ್ಲರ್ ಪಕ್ಕದ ಮೊದಲ ತುಂಡು ತಾಮ್ರ ಅಥವಾ ಜಿಐ ಇರಲಿ.

ಕೂರಿಸುವ ಕ್ರಮ

1. ಬಿಸಿ, ತಣ್ಣೀರು ಎರಡೂ ಒಂದೇ ಟ್ಯಾಂಕಿನಿಂದ ಬರಲಿ. ತಣ್ಣೀರು ಪ್ರೆಷರ್ ಪಂಪಿನಿಂದ, ಬಿಸಿ ಟ್ಯಾಂಕಿನಿಂದ ಬಂದರೆ ಸರಿಯಾಗಿ ಬೆರೆಯಲ್ಲ.
2. ಪಾತ್ರೆ ತೊಳೆಯೋಕೆ ಸುಡುನೀರು ಬೇಕಿದ್ದರೆ ಆ ಲೈನನ್ನು ವಾಲ್ವ್‌ಗಿಂತ ಮುಂಚೆಯೇ ಬೇರೆ ಮಾಡಿ. ಅದಕ್ಕೆ ಪ್ರತ್ಯೇಕ ನಲ್ಲಿ, ಮಕ್ಕಳಿಗೆ ಎಟುಕದಂತೆ.
3. ವಾಲ್ವ್ ಬಚ್ಚಲಿಗೆ ಹತ್ತಿರ ಇರಲಿ. ಗೋಡೆಯೊಳಗೆ ಹುದುಗಿಸಬೇಡಿ, ರಿಪೇರಿಗೆ ಕೈ ಹೋಗಬೇಕು.
4. ಎರಡೂ ಲೈನಿಗೆ ಗೇಟ್ ವಾಲ್ವ್, ಜಾಲರಿ ಫಿಲ್ಟರ್, ಎನ್‌ಆರ್‌ವಿ ಹಾಕಿ. ಡ್ರಿಪ್‌ಗೆ ಹಾಕ್ತೀವಲ್ಲ, ಅದೇ ಲೆಕ್ಕ. ಬಿಗಿ ಸ್ಪ್ರಿಂಗಿನ ಎನ್‌ಆರ್‌ವಿ ಬೇಡ, ಕಡಿಮೆ ಒತ್ತಡದಲ್ಲಿ ತೆರೆಯಲ್ಲ.
5. ಜೋಡಿಸುವ ಮೊದಲು ಪೈಪಿಗೆ ಚೆನ್ನಾಗಿ ನೀರು ಬಿಟ್ಟು ಕಸ ತೆಗೆಯಿರಿ.
6. ಬೆರಕೆ ನಲ್ಲಿ ಬಿಟ್ಟು ಎರಡು ನಿಮಿಷ ಕಾದು ಥರ್ಮಾಮೀಟರ್ ಹಿಡಿಯಿರಿ. 40 ಡಿಗ್ರಿಗೆ ತಿರುಗಿಸಿ ಲಾಕ್ ಮಾಡಿ.

ಈಗ ಮುಖ್ಯ ಪರೀಕ್ಷೆ. ಕೈ ದೂರ ಇಟ್ಟು, ತಣ್ಣೀರಿನ ಗೇಟ್ ವಾಲ್ವ್ ಪೂರ್ತಿ ಮುಚ್ಚಿ. ಕೆಲವೇ ಸೆಕೆಂಡಿನಲ್ಲಿ ಬೆರಕೆ ನಲ್ಲಿ ನಿಲ್ಲಬೇಕು ಅಥವಾ ಹನಿಗೆ ಇಳಿಯಬೇಕು. ಸುಡುನೀರು ಹಾಗೇ ಹರಿದರೆ ಆ ವಾಲ್ವ್ ನಂಬಬೇಡಿ. ಟ್ಯಾಂಕ್ ಖಾಲಿಯಾಗಿ ತಣ್ಣೀರು ನಿಂತ ದಿನ ಕಾಪಾಡೋದು ಇದೇ ಗುಣ.

ಒಂದು ಎಚ್ಚರಿಕೆ: ಬಾಯ್ಲರ್‌ನಿಂದ ಟ್ಯಾಂಕಿಗಿಂತ ಮೇಲೆ ಹೋಗುವ ಗಾಳಿ ಪೈಪಿಗೆ ಯಾವ ವಾಲ್ವನ್ನೂ ಹಾಕಬೇಡಿ, ಅದನ್ನು ಮುಚ್ಚಲೂಬೇಡಿ. ಹಬೆಗೆ ದಾರಿ ಇಲ್ಲದ ಬಾಯ್ಲರ್ ಬಾಂಬೇ ಸರಿ.

ನಿರ್ವಹಣೆ

ಬೋರ್‌ವೆಲ್ ಗಡಸು ನೀರಾದರೆ ಸುಣ್ಣ ಕಟ್ಟುತ್ತೆ. ಆರು ತಿಂಗಳಿಗೊಮ್ಮೆ ಜಾಲರಿ ತೊಳೆದು, ತಣ್ಣೀರು ಮುಚ್ಚುವ ಪರೀಕ್ಷೆ ಮತ್ತೆ ಮಾಡಿ. ನಾನು ದೀಪಾವಳಿ, ಯುಗಾದಿ ಅಂತ ಇಟ್ಕೊಂಡಿದ್ದೀನಿ, ಮರೆಯಲ್ಲ. ಕಟ್ಟಿದ ಸುಣ್ಣಕ್ಕೆ ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಸಿದರೆ ಸಾಕು.

ಆದರೂ ಸುಟ್ಟರೆ? 20 ನಿಮಿಷ ಹರಿಯುವ ತಣ್ಣೀರು ಬಿಡಿ, ಆಮೇಲೆ ಆಸ್ಪತ್ರೆ. ಟೂತ್‌ಪೇಸ್ಟ್, ಇಂಕು, ಐಸ್ ಏನೂ ಬೇಡ.

ತೋಟಗಾರಿಕೆ ಪದವಿಯಲ್ಲಿ ಡ್ರಿಪ್ ಫಿಲ್ಟರ್ ಬಗ್ಗೆ ಕಲಿತಿದ್ದು ಬಚ್ಚಲಿಗೆ ಬೇಕಾಗುತ್ತೆ ಅಂದ್ಕೊಂಡಿರಲಿಲ್ಲ. ತೋಟದ ಬಾಳೆಗೆ ಸೆನ್ಸರ್ ಹಾಕೋ ಯೋಚನೆ ಮಾಡ್ತಿದ್ದವನಿಗೆ ಅಪ್ಪನ ಕಾಲು ಕಾಣಿಸಿರಲಿಲ್ಲ. ಈ ಭಾನುವಾರ ನಿಮ್ಮ ಬಿಸಿನೀರಿನ ನಲ್ಲಿ ಕೆಳಗೆ ಒಂದು ಥರ್ಮಾಮೀಟರ್ ಹಿಡಿದು ನೋಡಿ. 50 ದಾಟಿದ್ದರೆ ಸೋಮವಾರವೇ ಪ್ಲಂಬರ್‌ಗೆ ಫೋನ್ ಮಾಡಿ.