ದಿನಸಿಗೆ ಹೋದವನ ಮೇಲೆ ಶೆಲ್: ಯುದ್ಧಕ್ಕೂ ಮಿತಿ ಇದೆಯಾ?

2022ರ ಮಾರ್ಚ್ 1, ಉಕ್ರೇನಿನ ಖಾರ್ಕಿವ್. ನಮ್ಮೂರಲ್ಲಿ ನಾವು ಅಂಗಡಿಗೆ ಹೋಗಿ ಬರೋ ಹಾಗೆ ದಿನಸಿ ತರಲು ಹೊರಟಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ.

ಯುದ್ಧ ಅಂದ್ಮೇಲೆ ಇದೆಲ್ಲ ಮಾಮೂಲು ಅಂತೀರಾ? ಕಾನೂನು ಹಾಗೆ ಹೇಳಲ್ಲ.

ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಪ್ರೋಟೋಕಾಲ್, 51ನೇ ವಿಧಿ ನೋಡಿ.

ಒಂದು: ನಾಗರಿಕರನ್ನೇ ಗುರಿ ಮಾಡುವಂತಿಲ್ಲ.

ಎರಡು: ಗುರಿ ಸೇನೆಯದ್ದೇ ಇರಲಿ. ಸಿಗುವ ನೇರ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕರ ಸಾವುನೋವು ವಿಪರೀತ ಆಗುತ್ತೆ ಅಂತ ಕಂಡರೆ ದಾಳಿ ಮಾಡುವಂತಿಲ್ಲ.

ಈ ಹೋಲಿಕೆ ಎರಡೂ ಕಡೆಯ ಹೆಣ ಎಣಿಸೋ ಲೆಕ್ಕ ಅಲ್ಲ. ಆದೇಶ ಕೊಡುವ ಮೊದಲು ಕಮಾಂಡರ್‌ಗೆ ಏನು ಗೊತ್ತಿತ್ತು, ಏನು ಗೊತ್ತಿರಬೇಕಿತ್ತು? ಪ್ರಶ್ನೆ ಇದು. ಜನ ತುಂಬಿದ ಊರಿನ ಮೇಲೆ ಶೆಲ್ ಸುರಿಸಿ, 'ಗೊತ್ತಾಗಲಿಲ್ಲ' ಅಂದರೆ ಸಾಲದು.