ಹಾಡಿನ ಬುಟ್ಟಿಯ ಮೊದಲ ಹಣ್ಣು

‘ಹಣ್ಣು ಮಾರುವವನ ಹಾಡು’ ಕಲಿತವರಿಗೆ ಗೊತ್ತು, ಆ ಬುಟ್ಟಿಯಿಂದ ಮೊದಲು ಹೊರಬರುವುದು ರಸಬಾಳೆ, ಅದೂ ನಂಜನಗೂಡಿನದೇ. ಕೊಡಗಿನ ಕಿತ್ತಳೆ, ಬೀದರಿನ ಸೀಬೆ, ಗಂಜಾಮಿನ ಅಂಜೂರಕ್ಕೆಲ್ಲ ಆಮೇಲಿನ ಸರದಿ.

ಈ ಹಾಡಿನ ಬೇರು ಸಂತೆಯ ಕೂಗಿನಲ್ಲಿದೆ. ನಮ್ಮಲ್ಲಿ ಹಣ್ಣು, ಹೂವು, ಕಾಯಿಗೆ ಊರಿನ ಹೆಸರೇ ಮನೆತನದ ಹೆಸರು: ಮೈಸೂರು ಮಲ್ಲಿಗೆ, ದೇವನಹಳ್ಳಿ ಚಕ್ಕೋತ, ಈರನಗೆರೆ ಬದನೆ. ಊರು ಹೇಳಿದರೆ ರುಚಿ ಹೇಳಿದಂತೆ. ಲಂಡನ್ನಿನ ಬೀದಿಯಲ್ಲಿ ಬನ್ನು ಮಾರುವವರ ಕೂಗೂ ಹೀಗೆಯೇ ‘ಹಾಟ್ ಕ್ರಾಸ್ ಬನ್ಸ್’ ಎಂಬ ಶಿಶುಗೀತೆಯಾಯಿತು. ಆದರೆ ಆ ಹಾಡಿನಲ್ಲಿ ತಿಂಡಿಯಿದೆ, ಊರಿಲ್ಲ. ನಮ್ಮದರಲ್ಲಿ ಮಗು ಹಣ್ಣು ಎಣಿಸುತ್ತಲೇ ನಾಡು ಸುತ್ತಿಬಿಡುತ್ತದೆ.

ಕಪಿಲೆ ನಂಜನಗೂಡನ್ನು ತೊಳೆದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಸೀಮೆ ಇದು. ನಂಜನಗೂಡಿನ ಪಕ್ಕದ ದೇವರಸನಹಳ್ಳಿಯ ಮಣ್ಣಿಗೂ ರಸಬಾಳೆಗೂ ಹಳೆಯ ನಂಟು. ತೆಳು ಸಿಪ್ಪೆ, ಸಿಹಿಯೊಳಗೆ ಸಣ್ಣ ಹುಳಿ, ಮನೆ ತುಂಬುವ ಪರಿಮಳ. ಸಿಪ್ಪೆ ಕಪ್ಪಾದರೂ ಒಳಗಿನ ತಿರುಳು ಕೆಡದು. ಭೌಗೋಳಿಕ ಸೂಚಕದ ಮಾನ್ಯತೆಯೂ ಇದಕ್ಕಿದೆ.

ಆದರೆ ತೋಟದಲ್ಲಿ ಬೇರೆ ಕಥೆ. ಪನಾಮ ಸೊರಗು ರೋಗದ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟುತ್ತದೆ. ಕೆಳಗಿನ ಎಲೆ ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ದಿಂಡಿಗೆ ಜೋತುಬೀಳುತ್ತದೆ, ದಿಂಡು ಸೀಳುತ್ತದೆ. ನನ್ನನ್ನು ಹೆಚ್ಚು ಕಲಕುವುದು ರೋಗ ಹರಡುವ ಬಗೆ. ಬಾಳೆ ಬೆಳೆಯುವುದು ಬೀಜದಿಂದಲ್ಲ, ಕಂದಿನಿಂದ. ನೆರೆಯವನು ಪ್ರೀತಿಯಿಂದ ಕಿತ್ತು ಕೊಟ್ಟ ಕಂದಿನ ಬೇರಿನಲ್ಲೇ ಸೊರಗೂ ಬರುತ್ತದೆ. ಒಮ್ಮೆ ಬಂದರೆ ಮಣ್ಣಿನಲ್ಲಿ ದಶಕಗಟ್ಟಲೆ ಕೂತಿರುತ್ತದೆ. ಜಗತ್ತಿನ ಮಾರುಕಟ್ಟೆಯನ್ನೇ ಆಳುತ್ತಿದ್ದ ಗ್ರೋ ಮಿಶೆಲ್ ಬಾಳೆಯನ್ನು 1960ರ ದಶಕದ ಹೊತ್ತಿಗೆ ವ್ಯಾಪಾರದಿಂದ ಅಳಿಸಿದ್ದೂ ಇದೇ ರೋಗ. ಅಂಗಾಂಶ ಕೃಷಿಯ ಸಸಿಗಳು ರೋಗವಿಲ್ಲದೆ ಹುಟ್ಟುತ್ತವೆ, ನಿಜ. ನೆಡಬೇಕಾದದ್ದು ಮಾತ್ರ ಅದೇ ಮಣ್ಣಿನಲ್ಲಿ.

ಹೀಗಾಗಿ ಹಾಡಿನ ಮೊದಲ ಹಣ್ಣನ್ನು ತಿನ್ನದೆಯೇ ಹಾಡುವ ಮಕ್ಕಳು ಹೆಚ್ಚಿದ್ದಾರೆ. ತಳ್ಳುಗಾಡಿಯಲ್ಲಿ ರಸಬಾಳೆಯ ಹೆಸರಿನಲ್ಲಿ ಬೇರೆ ಬಾಳೆಯೂ ಮಾರಾಟವಾಗುತ್ತದೆ. ಮಗುವಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ಈ ಹಾಡು ಕಲಿಸುವ ದಿನ, ಸಿಕ್ಕರೆ, ಒಂದು ಚಿಪ್ಪು ನಿಜವಾದ ರಸಬಾಳೆ ತನ್ನಿ. ಸಿಪ್ಪೆ ಕಪ್ಪಾಗಿದ್ದರೆ ಇನ್ನೂ ಒಳ್ಳೆಯದು. ಮಕ್ಕಳೇ ಸುಲಿದು ನೋಡಲಿ.