ಇಪ್ಪತ್ತೈದು ಗುಂಡಿನ ಮ್ಯಾಗಝಿನ್ ಯಾಕೆ ಸಿಕ್ಕಿಕೊಳ್ಳುತ್ತದೆ?

ತಾಳಿಕೋಟೆಯ ನಿವೃತ್ತ ಶಿಕ್ಷಕರೊಬ್ಬರು ಆಗಾಗ ಫೋನ್ ಮಾಡಿ ಪ್ರಶ್ನೆ ಕೇಳುತ್ತಾರೆ. ಡೋಣಿ ನದಿಯ ನೀರು ಯಾಕೆ ಸವಳು ಎಂದು ಹಿಂದೊಮ್ಮೆ ಕೇಳಿದವರು ಇವರೇ. ಈ ಸಲದ ಪ್ರಶ್ನೆ ನಾನು ಕನಸಿನಲ್ಲೂ ಎಣಿಸದ ಕಡೆಯಿಂದ ಬಂತು.

“ಸರ, ನಮ್ಮ ಅಳಿಯ ಟೆಕ್ಸಾಸ್‌ನ್ಯಾಗ ಅದಾನ್ರಿ. ಒಂದು ಸಣ್ಣ ಬಂದೂಕು ತಗೊಂಡಾನ, ಪಾಯಿಂಟ್ ಟೂಟೂ. ಶನಿವಾರಕ್ಕೊಮ್ಮೆ ರೇಂಜಿಗೆ ಹೋಗಿ ಗುರಿ ಹೊಡಿಯೋ ಹವ್ಯಾಸ. ಬಂದೂಕಿನ ಸಂಗಾಟ ಬಂದ ಹತ್ತು ಗುಂಡಿನ ಮ್ಯಾಗಝಿನ್ ಚಲೋ ನಡೀತೈತಂತ. ಬ್ಯಾರೆ ಕಂಪನೀದು ಇಪ್ಪತ್ತೈದರದ್ದು ತಂದು ಹಾಕಿದ್ರ ಐದಾರು ಗುಂಡಿಗೊಮ್ಮೆ ಸಿಕ್ಕೊಂಡು ನಿಂದರತೈತಂತ. ದಸರಾಕ್ಕ ಪೂಜಿ ಮಾಡಿ ಕುಂಕುಮ ಏರಿಸಿದ ಮ್ಯಾಲೂ ಸುಧಾರಿಸಿಲ್ಲ. ಯಾಕಿರಬೇಕ್ರಿ?”

ಕುಂಕುಮದ ವಿಚಾರಕ್ಕೆ ಆಮೇಲೆ ಬರುತ್ತೇನೆ, ಅದನ್ನು ಹಾಗೇ ಬಿಡುವಂತಿಲ್ಲ. ಮೊದಲು ಒಂದು ಬೆಂಕಿಪೊಟ್ಟಣ ತನ್ನಿ.

ಹತ್ತು ಕಡ್ಡಿ ತೆಗೆದು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಮಲಗಿಸಿ. ಎಲ್ಲದರ ತಲೆಯೂ ಒಂದೇ ಕಡೆ ಇರಲಿ. ಈಗ ತಲೆಗೆ ತಲೆ ತಾಗುವಂತೆ, ಬಾಲಕ್ಕೆ ಬಾಲ ತಾಗುವಂತೆ ಬೆರಳಿನಿಂದ ಒತ್ತಿ ಕೂಡಿಸಿ. ಸಾಲು ನೆಟ್ಟಗೆ ನಿಲ್ಲುವುದಿಲ್ಲ, ಬೀಸಣಿಗೆಯಂತೆ ಬಾಗುತ್ತದೆ. ತಲೆ ದಪ್ಪ, ಕಡ್ಡಿ ಸಣ್ಣ; ತಲೆಯ ಕಡೆ ಹೆಚ್ಚು ಜಾಗ ಬೇಕು, ಬಾಲದ ಕಡೆ ಕಡಿಮೆ ಸಾಕು. ಹತ್ತು ಕಡ್ಡಿಗೆ ಚಿಕ್ಕ ಬಾಗು. ಇನ್ನೂ ಹದಿನೈದು ಸೇರಿಸಿ, ಅರ್ಧ ಬಿಚ್ಚಿದ ನವಿಲುಗರಿಯಂತಾಗುತ್ತದೆ. ಅಳಿಯನ ಮ್ಯಾಗಝಿನ್ನಿನ, ಅಂದರೆ ಗುಂಡು ತುಂಬುವ ಡಬ್ಬಿಯ, ಕಷ್ಟದ ಮುಕ್ಕಾಲು ಪಾಲು ಈ ಮೇಜಿನ ಮೇಲೆಯೇ ಕಾಣುತ್ತದೆ.

ಪಾಯಿಂಟ್ ಟೂಟೂ ಕಾಡತೂಸು ಥೇಟ್ ಈ ಬೆಂಕಿಕಡ್ಡಿಯ ಹಾಗೆಯೇ. ಉದ್ದ ಸುಮಾರು 25 ಮಿಲಿಮೀಟರು. ಹಿತ್ತಾಳೆ ಕೊಳವೆಯ ದಪ್ಪ 5.7 ಮಿಲಿಮೀಟರು. ಆದರೆ ಬುಡದಲ್ಲಿ ತಟ್ಟೆಯ ಕಂಠದಂತೆ ಒಂದು ಅಂಚು ಹೊರಚಾಚಿದೆ, ಅದರ ಅಡ್ಡಳತೆ 7 ಮಿಲಿಮೀಟರು. ಈ ಅಂಚು ಬರೀ ಹಿಡಿಕೆಗೆಂದು ಮಾಡಿದ್ದಲ್ಲ. ಕಾಡತೂಸಿನ ಕಿಡಿ ಇರುವುದೇ ಅದರೊಳಗೆ. ಪೊಲೀಸರ, ಸೈನಿಕರ ದೊಡ್ಡ ಗುಂಡುಗಳ ಬುಡದ ನಡುವೆ ಪುಟ್ಟ ಬಟ್ಟಲಿನಂಥ ಕಿಡಿಗುಂಡಿ ಕೂರಿಸಿರುತ್ತಾರೆ. ಟೂಟೂನಲ್ಲಿ ಅದಕ್ಕೆ ಜಾಗವಿಲ್ಲ. ಒದ್ದೆ ಮಾಡಿದ ಕಿಡಿಮದ್ದನ್ನು ಕೊಳವೆಯೊಳಗೆ ಹನಿಸಿ ಗಿರ್ರನೆ ತಿರುಗಿಸುತ್ತಾರೆ. ಮದ್ದು ಅಂಚಿನ ಟೊಳ್ಳಿನೊಳಕ್ಕೆ ಹೋಗಿ ಸುತ್ತಲೂ ಕೂರುತ್ತದೆ. ಆಮೇಲೆ ಒಣಗಿಸುತ್ತಾರೆ. ಕುದುರೆ ಎಳೆದಾಗ ಬಂದೂಕಿನ ಸೂಜಿ ಬಂದು ಆ ಅಂಚನ್ನು ಜಜ್ಜುತ್ತದೆ, ಅಂಚಿನೊಳಗಿನ ಮದ್ದು ಹತ್ತಿಕೊಳ್ಳುತ್ತದೆ. ಫ್ರಾನ್ಸಿನ ಫ್ಲೋಬೆರ್ 1845ರ ಹೊತ್ತಿಗೆ ಇಂಥ ಪುಟ್ಟ ಗುಂಡನ್ನು ಮಾಡಿದ. ಅಮೆರಿಕದ ಸ್ಮಿತ್ ಮತ್ತು ವೆಸ್ಸನ್ 1857ರಲ್ಲಿ ಅಂಥದೇ ಗುಂಡಿಗೊಂದು ರಿವಾಲ್ವರ್ ಹೊರತಂದರು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ರೂಪ ಬಂದದ್ದು 1887ರಲ್ಲಿ. ಆ ಅಂಚು ಹುಟ್ಟಿದ ಕಾಲದ ಬಂದೂಕುಗಳಿಗೆ ಒಂದೊಂದೇ ಗುಂಡು ಇಡುತ್ತಿದ್ದರು, ಇಲ್ಲವೇ ರಿವಾಲ್ವರಿನ ಒಂದೊಂದು ತೂತಿಗೆ ಒಂದೊಂದು ತೂರಿಸುತ್ತಿದ್ದರು. ಒಂದರ ಮೇಲೊಂದು ಪೇರಿಸಿ ಸ್ಪ್ರಿಂಗಿನಿಂದ ಮೇಲೆ ನೂಕುವ ಕಾಲ ಬರುತ್ತದೆಂದು ಆ ಅಂಚನ್ನು ರೂಪಿಸಿದವರು ಎಣಿಸಿರಲಿಲ್ಲ.

ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ಶಿಬಿರದಲ್ಲಿ ಈ ಗುಂಡನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು. 25 ಗಜದ ಫೈರಿಂಗ್. ತರಬೇತಿ ಕೊಡುವ ಉಸ್ತಾದರು “ಭರ್” ಎಂದಾಗ ನೆಲಹಾಸಿನ ಮೇಲೆ ಬೋರಲು ಮಲಗಿ ರೈಫಲ್ ತುಂಬಿದೆ. ಮೂರನೆಯ ಗುಂಡಿಗೆ ಟಕ್ ಎಂದಿತು, ಅಷ್ಟೇ. ಗುಂಡು ಹಾರಲಿಲ್ಲ. ಉಸ್ತಾದರು ನನ್ನ ಹೆಗಲ ಮೇಲೆ ಕೈಯಿಟ್ಟು, ನಳಿಕೆಯನ್ನು ಗುರಿಯ ಕಡೆಯೇ ಹಿಡಿಸಿ, ಸ್ವಲ್ಪ ಹೊತ್ತು ಅಲುಗಾಡದಂತೆ ಕಾಯಿಸಿದರು. ಮದ್ದು ತಡವಾಗಿ ಹತ್ತುವುದೂ ಉಂಟು, ಅದಕ್ಕೇ ಆ ಕಾಯುವಿಕೆ. ಆಮೇಲೆ ಕಾಡತೂಸನ್ನು ಹೊರತೆಗೆದು ತೋರಿಸಿದರು. ಅಂಚಿನಲ್ಲಿ ಸೂಜಿ ಜಜ್ಜಿದ ಗುರುತು ಸ್ಪಷ್ಟವಾಗಿತ್ತು. ಅದನ್ನೇ ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿದರು. ಹಾರಿತು! ಸುತ್ತಲೂ ಕೂರಬೇಕಾದ ಮದ್ದು ಒಂದು ಕಡೆ ತೆಳುವಾಗಿತ್ತು, ಸೂಜಿ ಸರಿಯಾಗಿ ಅಲ್ಲೇ ಬಿದ್ದಿತ್ತು. ಪಕ್ಕದಲ್ಲಿದ್ದ ಗೆಳೆಯ ಆ ರೈಫಲ್ಲಿಗೆ ಕೆಟ್ಟ ದೃಷ್ಟಿ ತಾಗಿದೆ ಎಂದು ಆಗಲೇ ತೀರ್ಪು ಕೊಟ್ಟಿದ್ದ. ಅರ್ಧ ಸುತ್ತಿನಲ್ಲಿ ಹೋಗುವ ದೃಷ್ಟಿ ಯಾವುದೂ ಇಲ್ಲ.

ಅಳಿಯ ಮೊದಲು ಗಮನಿಸಬೇಕಾದದ್ದು ಇದನ್ನೇ. ಟಕ್ ಎಂದು ಸದ್ದಾಗಿ ಗುಂಡು ಹಾರದಿದ್ದರೆ ಸಾಮಾನ್ಯವಾಗಿ ತಪ್ಪು ಗುಂಡಿನದು ಅಥವಾ ಸೂಜಿಯದು. ಗುಂಡು ನಳಿಕೆಗೆ ಹೋಗುವ ದಾರಿಯಲ್ಲಿ ಓರೆಯಾಗಿ ಸಿಕ್ಕಿಕೊಂಡರೆ, ಇಲ್ಲವೇ ಗುಂಡನ್ನು ನಳಿಕೆಗೆ ನೂಕುವ ಬೋಲ್ಟು ಖಾಲಿ ನಳಿಕೆಯ ಮೇಲೆ ಮುಚ್ಚಿಕೊಂಡರೆ, ಆಗ ಮ್ಯಾಗಝಿನ್ನಿನ ಮೇಲೆ ಸಂಶಯಪಡಬೇಕು. ಎರಡನ್ನೂ ಒಂದೇ ರೋಗವೆಂದು ತಿಳಿದು ಔಷಧ ಮಾಡಿದರೆ ಯಾವುದೂ ವಾಸಿಯಾಗದು.

ಇನ್ನು ಮ್ಯಾಗಝಿನ್. ಈ ಪದ ನಮಗೆ ತೋರುವಷ್ಟು ಪರಕೀಯವಲ್ಲ. ಅರಬ್ಬಿಯ ‘ಮಖ್ಝನ್’ ಎಂದರೆ ಉಗ್ರಾಣ. ಅದು ಯುರೋಪನ್ನು ಸುತ್ತಿ ಮ್ಯಾಗಝಿನ್ ಆಯಿತು. ಅದೇ ಧಾತುವಿನಿಂದ ಹುಟ್ಟಿ ಫಾರಸಿಯ ಮೂಲಕ ನಮ್ಮಲ್ಲಿಗೆ ಬಂದದ್ದು ‘ಖಜಾನೆ’. 1565ರ ಜನವರಿಯಲ್ಲಿ ತಾಳಿಕೋಟೆಯ ಹೆಸರು ಇತಿಹಾಸಕ್ಕೆ ಸೇರಿದ ಆ ಯುದ್ಧದಲ್ಲಿ ಫಿರಂಗಿಗಳಿಗೆ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದರೆಂದು ಹೇಳುತ್ತಾರೆ. ಹಾಗಿದ್ದರೆ ಖಜಾನೆಯೇ ಗುಂಡಾಗಿತ್ತು. ಅಂದಿನ ಕೋವಿಯವನಿಗೆ ಪ್ರತಿ ಗುಂಡಿಗೂ ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಗಿಡಿದು, ಬತ್ತಿ ಮುಟ್ಟಿಸುವ ಕೆಲಸ. ಇಂದು ಆ ಕೆಲಸದ ಬಹುಪಾಲನ್ನು ಒಂದು ಡಬ್ಬಿ, ಒಂದು ಸ್ಪ್ರಿಂಗು ಮಾಡುತ್ತವೆ. ಗುಂಡು ಹಾರಿದಾಗ ಬೋಲ್ಟು ಹಿಂದೆ ಸರಿದು ಮತ್ತೆ ಮುಂದೆ ಬರುವುದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಅಷ್ಟರೊಳಗೆ ಸ್ಪ್ರಿಂಗು ಇಡೀ ಸಾಲನ್ನು ಒಂದು ಗುಂಡಿನಷ್ಟು ಮೇಲಕ್ಕೆತ್ತಿ, ಮೇಲಿನದನ್ನು ಸರಿಯಾದ ಓರೆಯಲ್ಲಿ ಹಿಡಿದು ನಿಲ್ಲಿಸಿರಬೇಕು.

ಈಗ ಅಂಚಿನ ಕಾಟ ನೋಡಿ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇದ್ದರೆ ಬೋಲ್ಟು ನೂಕಿದಾಗ ಅದು ಸಲೀಸಾಗಿ ಜಾರುತ್ತದೆ. ಹಿಂದೆ ಬಿದ್ದಿದ್ದರೆ? ಮುಂದೆ ಹೋಗುವಾಗ ಕೆಳಗಿನದರ ಅಂಚಿಗೆ ಕೊಕ್ಕೆಯಂತೆ ತೊಡರುತ್ತದೆ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ ತ್ರೀ ನಾಟ್ ತ್ರೀ ರೈಫಲ್ಲಿನ ಗುಂಡಿಗೂ ಇಂಥದೇ ಅಂಚಿತ್ತು. ಅದನ್ನು ತುಂಬುವಾಗ ಪ್ರತಿ ಗುಂಡಿನ ಅಂಚೂ ಕೆಳಗಿನದಕ್ಕಿಂತ ಮುಂದೆ ಬರುವಂತೆ ಇಡಬೇಕೆಂಬುದು ಮೊದಲ ಪಾಠ. ಅದೇ ಗುಂಡನ್ನು ತಿನ್ನುತ್ತಿದ್ದ ಬ್ರೆನ್ ಗನ್ನಿನ ಮ್ಯಾಗಝಿನ್ ಬಾಳೆಹಣ್ಣಿನಂತೆ ಬಾಗಿದ್ದೂ ಈ ಅಂಚಿನ ದೆಸೆಯಿಂದಲೇ.

ಟೂಟೂ ಕಾಡತೂಸುಗಳನ್ನು ಹೀಗೆ ಒಂದರ ಮುಂದೊಂದು ಅಂಚು ಬರುವಂತೆ ಪೇರಿಸಿದರೂ ಒಂದೊಂದೂ ಸುಮಾರು 2 ಡಿಗ್ರಿ ವಾಲುತ್ತದೆಂದು ನನ್ನ ಸ್ಥೂಲ ಲೆಕ್ಕ. ಹತ್ತಕ್ಕೆ 20 ಡಿಗ್ರಿ, ಇಪ್ಪತ್ತೈದಕ್ಕೆ 50. ಡಬ್ಬಿಯ ಬಾಗು ಇದಕ್ಕೆ ಕೂದಲೆಳೆಯಷ್ಟು ಹೊಂದದಿದ್ದರೂ ಪ್ರತಿ ಗುಂಡಿನ ಪುಟ್ಟ ತಪ್ಪು ಮುಂದಿನದಕ್ಕೆ ಕೂಡುತ್ತಾ ಹೋಗುತ್ತದೆ. ಹತ್ತರಲ್ಲಿ ಕಾಣದ ತಪ್ಪು ಇಪ್ಪತ್ತೈದರಲ್ಲಿ ಗುಂಡಿನ ಮೂಗನ್ನು ನೆಲಕ್ಕೆ ಹಚ್ಚಿ ನಿಲ್ಲಿಸುತ್ತದೆ. ಸಾಲದ್ದಕ್ಕೆ, ಬಾಗಿದ ದಾರಿಯಲ್ಲಿ ನೂಕಿಸಿಕೊಳ್ಳುವ ಗುಂಡುಗಳು ಗೋಡೆಗೆ ಒತ್ತುತ್ತವೆ. ಕಂಬಕ್ಕೆ ಸುತ್ತಿದ ಹಗ್ಗವನ್ನು ಎಳೆದು ನೋಡಿದವರಿಗೆ ಗೊತ್ತು, ಸುತ್ತು ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಕೆಳಗೆ ಸ್ಪ್ರಿಂಗು ಕೊಟ್ಟ ಬಲದಲ್ಲಿ ಒಂದು ಪಾಲು ಮೇಲಿನ ಗುಂಡಿಗೆ ತಲುಪುವ ಮೊದಲೇ ಗೋಡೆಯ ಪಾಲಾಗುತ್ತದೆ. ಎತ್ತಬೇಕಾದ ಭಾರವೂ ಎರಡೂವರೆ ಪಟ್ಟು, ಒಂದು ಕಾಡತೂಸು ಮೂರು ಗ್ರಾಂ ದಾಟುತ್ತದೆ. ಇನ್ನು ಸ್ಪ್ರಿಂಗಿನ ಪಾಡು ಬೇರೆ: ತುಂಬಿದಾಗ ಹಿಂಡಿ ಹಿಪ್ಪೆಯಾಗಿ ಬಿಗಿಯಾಗಿರುತ್ತದೆ, ಕೊನೆಯ ಗುಂಡಿನ ಹೊತ್ತಿಗೆ ಸಡಿಲ. ಎರಡು ತುದಿಯಲ್ಲೂ ಅದು ಸಮನಾಗಿ ಕೆಲಸ ಮಾಡಬೇಕು.

ಹಾಗಾದರೆ ಕಂಪನಿಯದೇ ಹತ್ತರ ಡಬ್ಬಿ ಯಾಕೆ ಅಷ್ಟು ಚೆನ್ನ? ಅಳಿಯನ ಬಂದೂಕು ರುಗರ್ 10/22 ಎಂದು ಮಾವನಾದ ಶಿಕ್ಷಕರು ಹೇಳಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. 1964ರಲ್ಲಿ ಬಂದ ಆ ರೈಫಲ್ಲಿನ ಮ್ಯಾಗಝಿನ್ ಯಂತ್ರಲೋಕದ ಒಂದು ರತ್ನ. ಅದರಲ್ಲಿ ಗುಂಡುಗಳನ್ನು ಪೇರಿಸುವುದೇ ಇಲ್ಲ. ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ನೆನಪು ಮಾಡಿಕೊಳ್ಳಿ. ಪ್ರತಿಯೊಬ್ಬರಿಗೂ ತಮ್ಮದೇ ಪೀಠ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗದು. ಇಲ್ಲಿಯೂ ನಡುವೆ ನಕ್ಷತ್ರದಾಕಾರದ ಒಂದು ಚಕ್ರ, ಅದರ ಸುತ್ತ ತೋಡುಗಳು, ಒಂದೊಂದು ತೋಡಿನಲ್ಲಿ ಒಂದೊಂದು ಗುಂಡು. ತಿರುಚಿದ ಸ್ಪ್ರಿಂಗು ಚಕ್ರವನ್ನು ತಿರುಗಿಸುತ್ತಾ ಒಂದೊಂದನ್ನೇ ಬಾಯಿಗೆ ತಂದು ಕೊಡುತ್ತದೆ. ಅಂಚಿಗೆ ಅಂಚು ತೊಡರುವ ಪ್ರಸಂಗವೇ ಇಲ್ಲ! ಅಂಚನ್ನು ಗೆಲ್ಲುವ ಬದಲು ಅಂಚುಗಳು ಭೇಟಿಯಾಗದಂತೆ ಮಾಡಿದರು. ಅಷ್ಟು ಅಡಕವಾದ ಡಬ್ಬಿ ಬಂದೂಕಿನ ಹೊಟ್ಟೆಯೊಳಗೇ ಸೇರಿ ಕೂರುತ್ತದೆ, ಹೊರಗೆ ಏನೂ ಚಾಚಿರುವುದಿಲ್ಲ.

ಈ ಚಕ್ರವನ್ನು ಇಪ್ಪತ್ತೈದಕ್ಕೆ ಹಿಗ್ಗಿಸಿದರೆ ಡಬ್ಬಿ ಡಮರುವಿನಷ್ಟಾಗುತ್ತದೆ. ಅದಕ್ಕೇ ದೊಡ್ಡ ಮ್ಯಾಗಝಿನ್ ಮಾಡಿದವರು ಮತ್ತೆ ಪೇರಿಸುವ ದಾರಿಗೇ ಬಂದರು. ಬಟ್ಲರ್ ಕ್ರೀಕ್‌ನಂಥ ಬೇರೆ ಕಂಪನಿಗಳು ಬಾಗಿದ ಪ್ಲಾಸ್ಟಿಕ್ ಡಬ್ಬಿಗಳನ್ನು ವರ್ಷಗಟ್ಟಲೆ ಮಾರಿದವು. ರುಗರ್ ತನ್ನದೇ 25ರದ್ದನ್ನು ತಂದದ್ದು 2011ರಲ್ಲಿ, ರೈಫಲ್ ಹುಟ್ಟಿ 47 ವರ್ಷಗಳ ಮೇಲೆ. ಬೈಕಿಗೆ ಲೋಕಲ್ ಪಾರ್ಟ್ ಹಾಕಿಸಿದವರಿಗೆ ಮುಂದಿನದು ಅರ್ಥವಾಗುತ್ತದೆ. ಎಲ್ಲ ಲೋಕಲ್ ಪಾರ್ಟೂ ಕೆಟ್ಟದ್ದಲ್ಲ. ಆದರೆ ಮೂಲ ನಕ್ಷೆ ಕೈಯಲ್ಲಿಲ್ಲದವರು ಒಂದು ನಮೂನೆಯನ್ನು ಅಳೆದು ಮಾಡುತ್ತಾರೆ. ಮ್ಯಾಗಝಿನ್ನಿನ ಬಾಯಲ್ಲಿ ಗುಂಡನ್ನು ತಡೆದು ಹಿಡಿಯುವ ಎರಡು ತುಟಿಗಳಿರುತ್ತವೆ. ಅವು ಕೂದಲೆಳೆಯಷ್ಟು ಅಗಲವಾದರೂ ಗುಂಡು ಬೇಗ ಬಿಡುಗಡೆಯಾಗಿ ಮೂತಿ ಮೇಲೆತ್ತುತ್ತದೆ, ಇಕ್ಕಟ್ಟಾದರೆ ತಡವಾಗಿ ಕೆಳಗೆ ಇರಿಯುತ್ತದೆ. ಪ್ಲಾಸ್ಟಿಕ್ ತುಟಿಗಳು ಸವೆಯುತ್ತವೆಂದೇ ಬಟ್ಲರ್ ಕ್ರೀಕ್ ಉಕ್ಕಿನ ತುಟಿಯ ಮಾದರಿಯನ್ನೂ ಮಾಡಿತು.

ಈಗ ಕುಂಕುಮ. ಪೂಜೆ ಅವರವರ ಭಕ್ತಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮ್ಯಾಗಝಿನ್ನಿನ ಬಾಯೊಳಗೆ ಕುಂಕುಮ, ಅರಿಶಿನ, ಮೇಲೊಂದು ಚಮಚ ಎಣ್ಣೆ ಹಾಕುವುದನ್ನು ನಾನು ಒಪ್ಪಲಾರೆ. ಟೂಟೂ ಗುಂಡಿನ ಸೀಸದ ಮೈಗೆ ಮೇಣ ಬಳಿದಿರುತ್ತಾರೆ. ಬಿಸಿಲಿಗೆ ಅದು ಮೆತ್ತಗಾಗಿ ಪುಡಿಯನ್ನೆಲ್ಲ ಅಂಟಿಸಿಕೊಳ್ಳುತ್ತದೆ. ತಾಳಿಕೋಟೆಯ ಎರೆ ಮಣ್ಣಿನ ಮೇಲೆ ಬೇಸಿಗೆಯಲ್ಲಿ ನಡೆದವರಿಗೆ ನುಣ್ಣನೆ ಧೂಳು ಏನೇನಕ್ಕೆ ನುಗ್ಗುತ್ತದೆಂದು ಹೇಳಬೇಕಿಲ್ಲ. ಮೇಣ, ಸುಟ್ಟ ಮದ್ದಿನ ಮಸಿ, ಎಣ್ಣೆ, ಕುಂಕುಮ ಕೂಡಿದರೆ ಅರೆಯುವ ಹಿಟ್ಟಾಗುತ್ತದೆ. ಮೊದಲೇ ಬಲ ಸಾಲದ ಸ್ಪ್ರಿಂಗಿಗೆ ಇದಕ್ಕಿಂತ ದೊಡ್ಡ ಅಪಕಾರವಿಲ್ಲ. ಯಂತ್ರಕ್ಕೆ ಪೂಜೆಯೆಂದರೆ ಒಣ ಬಟ್ಟೆಯಿಂದ ಒರೆಸುವುದು ಎಂದು ಮಾವನಿಗೆ ಖಡಾಖಂಡಿತವಾಗಿ ಹೇಳಿದೆ. ತುಂಬಿಟ್ಟರೆ ಸ್ಪ್ರಿಂಗು ಸಾಯುತ್ತದೆಂಬ ಮಾತನ್ನೂ ಅವರು ಕೇಳಿದ್ದರು. ಒಳ್ಳೆಯ ಉಕ್ಕಿನ ಸ್ಪ್ರಿಂಗು ಸುಮ್ಮನೆ ಅದುಮಿಕೊಂಡಿರುವುದರಿಂದ ದಣಿಯುವುದಕ್ಕಿಂತ ಮತ್ತೆ ಮತ್ತೆ ಹಿಂಡಿ ಬಿಡುವುದರಿಂದಲೇ ಹೆಚ್ಚು ದಣಿಯುತ್ತದೆ.

ಈ ಗುಂಡಿನ ಮೇಲೆ ಜೀವಮಾನವನ್ನೇ ಪಣವಿಟ್ಟವರು ಏನು ಮಾಡುತ್ತಾರೆ? ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದದ್ದು ಇದೇ ಟೂಟೂ ಗುಂಡಿನಿಂದ. ಆ ಸ್ಪರ್ಧೆಯ ರೈಫಲ್ಲಿಗೆ ಮ್ಯಾಗಝಿನ್ನೇ ಇಲ್ಲ, ಒಂದೊಂದೇ ಗುಂಡನ್ನು ಕೈಯಿಂದ ಇಡಬೇಕು. 2012ರ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ 4 ಸೆಕೆಂಡಿನೊಳಗೆ ಐದು ಗುರಿಗೆ ಐದು ಗುಂಡು ಹಾರಿಸಬೇಕು. ಅಲ್ಲಿಯೂ ಒಂದು ಸರಣಿಗೆ ಐದೇ ಗುಂಡು.

ಮಾವನಿಗೆ ಇನ್ನೊಂದು ಮಾತನ್ನೂ ಹೇಳಿದೆ. ಅಳಿಯ ಊರಿಗೆ ಬರುವಾಗ ಆ ಖಾಲಿ ಡಬ್ಬಿಯನ್ನು ತೋರಿಸಲೆಂದು ಪೆಟ್ಟಿಗೆಯಲ್ಲಿ ತರಬಾರದು. ನಮ್ಮ 1959ರ ಶಸ್ತ್ರ ಕಾಯಿದೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ.

ವಾರದ ಮೇಲೆ ಮತ್ತೆ ಫೋನ್ ಬಂತು. ಅಳಿಯ ಡಬ್ಬಿಯನ್ನು ಬಿಚ್ಚಿ ಒರೆಸಿದನಂತೆ, ಸಿಕ್ಕಿಕೊಳ್ಳುವುದು ಕಡಿಮೆಯಾಯಿತಂತೆ, ಪೂರಾ ನಿಂತಿಲ್ಲ. ಮಾವನಿಗೆ ಅದಕ್ಕಿಂತ ಹೆಚ್ಚಿನ ಸಂಭ್ರಮ ಬೆಂಕಿಕಡ್ಡಿಯದು. ಪಕ್ಕದ ಮನೆಯ ಹುಡುಗಿಯನ್ನು ಕೂರಿಸಿಕೊಂಡು ಜೋಡಿಸಿದ್ದರು. ಅವಳು ಮೊದಲು ಒಂದು ಬಿಟ್ಟು ಒಂದು ಕಡ್ಡಿಯನ್ನು ತಲೆಕೆಳಗು ಮಾಡಿದಳು. ಸಾಲು ಗೆರೆ ಹೊಡೆದಂತೆ ನೆಟ್ಟಗಾಯಿತು. ಬಂದೂಕಿನಲ್ಲಿ ಹಾಗಿಟ್ಟರೆ ಅರ್ಧ ಗುಂಡುಗಳ ಮೂತಿ ಹಿಂದಕ್ಕೆ ತಿರುಗುತ್ತದೆಂದು ಇವರು ವಿವರಿಸಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಡ್ಡಿಗಳನ್ನೆಲ್ಲ ಮತ್ತೆ ಒಂದೇ ದಿಕ್ಕಿಗೆ ತಿರುಗಿಸಿ, ಒಂದೊಂದರ ತಲೆಯನ್ನೂ ಹಿಂದಿನದಕ್ಕಿಂತ ತುಸು ಮುಂದೆ ಸರಿಸುತ್ತಾ ಬಂದಳು. ಮೆಟ್ಟಿಲು ಮೆಟ್ಟಿಲಾಗಿ ನಿಂತ ಸಾಲಿನ ಬಾಗು ಅರ್ಧಕ್ಕರ್ಧ ಇಳಿದಿತ್ತು.